ಅವ್ವನ ಗಾಡಿಯ ಸಪ್ಪಳ

ಅವ್ವನ ಸ್ಕೂಟರಿನ ಸಪ್ಪಳಕ್ಕೆ ವಡಾಳದ ನಮ್ಮ ಬಿಲ್ಡಿಂಗಿನಲ್ಲಿ ಹೆಸರು ಬಂದದ್ದು ನನ್ನಿಂದ. ಮೂಲದಲ್ಲಿ ಅದು ಸಣ್ಣದು, ಆಗೀಗ ಕೇಳಿಸುವಂಥದ್ದು. ನಾನು ಒಂದೆರಡು ಸಲ ಕೇಳಿ ಬಾಯಿಗೆ ಹಾಕಿಕೊಂಡೆ. ಮೊದಲು ಒಂದು ನರಳಾಟ, ಆಮೇಲೆ ಕೆಮ್ಮು, ಕೊನೆಗೆ ಬಾಗಿಲ ಸಂದಿಯಲ್ಲಿ ಸಿಕ್ಕಿಬಿದ್ದ ಬೆಕ್ಕಿನ ಚೀರಾಟ. ಮೆಟ್ಟಿಲ ಮೇಲೆ ಸಿಕ್ಕವರೆಲ್ಲ ಅದನ್ನು ಮಾಡಿ ತೋರಿಸು ಎನ್ನುತ್ತಿದ್ದರು. ಬೇಡ ಅನ್ನುವ ಪೈಕಿ ನಾನಲ್ಲ. ವಾಚ್‌ಮನ್ನನ ಆಕಳಿಕೆ, ಅಪ್ಪನ ಸೀನು, ಎರಡನೇ ಮಾಳಿಗೆಯ ಕಾಕಾ ತರಕಾರಿಯವನೊಡನೆ ಮಾಡುವ ಚೌಕಾಸಿ, ಎಲ್ಲ ನನ್ನ ಹತ್ತಿರ ಇವೆ. ನನ್ನ ದನಿಯನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಮಾತ್ರ, ನಕಲು ಮಾಡಲು ಬಾರದ ಯಾರೋ ನನ್ನ ದನಿ ತೆಗೆಯುತ್ತಿದ್ದಾನೆ ಅನ್ನಿಸುತ್ತದೆ.

ಅವ್ವ ಧಾರವಾಡದವಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅಸ್ತರ್, ಹುಕ್ಕು, ಬಣ್ಣಕ್ಕೆ ಹೊಂದುವ ದಾರ ಅಂತ ಅವಳಿಗೆ ದಾದರ್ ಮಾರ್ಕೆಟ್ಟಿಗೆ ಓಡಾಟ ತಪ್ಪಿದ್ದಲ್ಲ. ವರ್ಷಗಟ್ಟಲೆ ಲೋಕಲ್‌ನಲ್ಲಿ ಚೀಲವನ್ನು ಎದೆಗೆ ಅವಚಿಕೊಂಡು ಹೋಗಿ ಬಂದವಳು, ಒಂದು ದಿನ ಸಾಕೆಂದು ಸ್ಕೂಟರ್ ಕಲಿತಳು. ನಾನು ಮಗನಾಗಿ ಮಾಡಬೇಕಾದ ಸಹಾಯ ಮಾಡಿದೆ. ಅಂದರೆ, ಅವಳು ಗಾಡಿ ಹತ್ತುವ ರೀತಿಯನ್ನು ನಕಲು ಮಾಡಿ ತೋರಿಸಿದೆ. ಅವಳು ನಕ್ಕಳು, ಆದರೆ ಕಲಿಯುವುದನ್ನು ಬಿಡಲಿಲ್ಲ.

ಆಮೇಲೆ ಈ ಸಪ್ಪಳ ಶುರುವಾಯಿತು. ಒಂದು ಮಧ್ಯಾಹ್ನ ದಾದರ್ ಸೇತುವೆಯ ಮೇಲೆ ಅದು ಕಿರುಗುಟ್ಟಿದ್ದೇ ಅವ್ವ ಗಾಬರಿಯಾಗಿ ನಡುರಸ್ತೆಯಲ್ಲಿ ನಿಂತುಬಿಟ್ಟಳು. ಹಿಂದಿನಿಂದ ಹಾರ್ನುಗಳ ಮಳೆ. ಒಬ್ಬ ಟ್ಯಾಕ್ಸಿಯವನು ತಲೆ ಹೊರಹಾಕಿ "ಆಂಟೀ, ಘರ್ ಪೇ ಬೈಠೋ" ಎಂದನಂತೆ, ಮನೆಯಲ್ಲೇ ಕೂತಿರಿ ಅಂತ. ಅವ್ವ ಮನೆಗೆ ಬಂದು ಕೀಲಿಯನ್ನು ಮೊಳೆಗೆ ಹಾಕಿದಳು.

"ಮಾರಿಬಿಡೂಣು. ನನಗ ಬ್ಯಾಡ ಆ ಗಾಡಿ."

ಎರಡನೇ ಮಾಳಿಗೆಯ ಕಾಕಾರ ಕಿವಿ ಚುರುಕು. ಭಾನುವಾರ ಬಂದು ಗಾಡಿ ನೋಡುತ್ತೇನೆ ಎಂದು ಅಂದೇ ಹೇಳಿ ಕಳಿಸಿದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವ್ವ ಮತ್ತೆ ಚೀಲ ಅವಚಿಕೊಂಡು ಲೋಕಲ್ ಹತ್ತುವುದು ಕಣ್ಣಿಗೆ ಕಟ್ಟಿತು. ಆ ಚೀಲ ಹೊರಲು ನನ್ನನ್ನೂ ಎಳೆದುಕೊಂಡು ಹೋಗುತ್ತಾಳೆ ಎಂಬುದು ಇನ್ನೂ ಚೆನ್ನಾಗಿ ಕಣ್ಣಿಗೆ ಕಟ್ಟಿತು. ಭಾನುವಾರದೊಳಗೆ ಆ ಸಪ್ಪಳ ಹೋಗಬೇಕು, ಅಷ್ಟೇ.

ಮೊದಲು ದೊಡ್ಡ ಸರ್ವಿಸ್ ಸೆಂಟರಿಗೆ ಹೋದೆವು. ಗಾಜಿನ ಬಾಗಿಲು, ಏಸಿ, ಕಾಫಿ ಮಶೀನು. ಟ್ಯಾಬ್ ಹಿಡಿದ ಹುಡುಗ ಅವ್ವನ ಕಡೆ ನೋಡಲೂ ಇಲ್ಲ. "ಮೇಡಮ್, ಆಪ್ ಉಧರ್ ಬೈಠಿಯೇ" ಎಂದು ಸೋಫಾ ತೋರಿಸಿ ನನ್ನ ಕಡೆ ತಿರುಗಿದ. "ಬತಾಯಿಯೇ ಸರ್, ಕ್ಯಾ ಪ್ರಾಬ್ಲಮ್?"

ಬಾಯಲ್ಲಿ ಹೇಳುವುದೇಕೆ? ಮಾಡಿಯೇ ತೋರಿಸಿದೆ. ನರಳಾಟ, ಕೆಮ್ಮು, ಬೆಕ್ಕು. ಸೋಫಾದ ಮೇಲಿದ್ದ ಗಿರಾಕಿಗಳು ಫೋನಿನಿಂದ ತಲೆ ಎತ್ತಿದರು. ಹುಡುಗ ಮಾತ್ರ ನಗಲಿಲ್ಲ. ಅವನ ಟ್ಯಾಬಿನಲ್ಲಿ ಬೆಕ್ಕಿಗೆ ಜಾಗವಿರಲಿಲ್ಲ. "ಎಂಜಿನ್ ನಾಯ್ಸ್" ಎಂದು ಒತ್ತಿದ. "ಟೆನ್ಶನ್ ಮತ್ ಲೀಜಿಯೇ ಸರ್, ಸಬ್ ಹೋ ಜಾಯೇಗಾ ಸರ್." ಒಂದೊಂದು ಮಾತಿಗೂ ಒಂದೊಂದು ಸರ್. ಅವ್ವ ಸೋಫಾದಿಂದ ಎದ್ದು ಬಂದು "ಎಂಜಿನ್ ಅಲ್ಲೋ, ಮುಂದ ಎಲ್ಲೋ ಬರ್ತತಿ" ಎಂದು ನನಗೆ ಹೇಳಿದ್ದು ನೆನಪಿದೆ. ನಾನು ಆ ಹುಡುಗನ "ಸರ್" ಅನ್ನು ಬಾಯಿಗೆ ಕೂರಿಸಿಕೊಳ್ಳುವ ಗಡಿಬಿಡಿಯಲ್ಲಿದ್ದೆ. "ಟೆನ್ಶನ್ ಮತ್ ಲೀಜಿಯೇ ಮೇಡಮ್" ಎಂದು ಅವನದೇ ದನಿಯಲ್ಲಿ ಹೇಳಿ ಅವಳನ್ನು ಸೋಫಾಕ್ಕೆ ವಾಪಸ್ ಕಳಿಸಿದೆ.

ಗಾಡಿ ಮರುದಿನ ಮದುವಣಗಿತ್ತಿಯ ಹಾಗೆ ತೊಳೆದುಕೊಂಡು ಬಂತು. ಎಂಜಿನ್ ಬಿಚ್ಚಿದ್ದರು, ಏನೇನೋ ಬದಲಿಸಿದ್ದರು. "ಸರ್, ಫೀಡ್‌ಬ್ಯಾಕ್ ಕಾಲ್ ಆಯೇಗಾ, ಟೆನ್ ಔಟ್ ಆಫ್ ಟೆನ್ ದೇನಾ ಸರ್." ನಾನೇ ಓಡಿಸಿಕೊಂಡು ಹೊರಟೆ, ಅವ್ವ ಹಿಂದೆ ಕೂತಳು. ಮೊದಲ ತಿರುವಿನಲ್ಲೇ ಕಿರ್ ಎಂದಿತು.  ಅವ್ವ ಮನೆಗೆ ಬಂದು ಕೀಲಿಯನ್ನು ಮತ್ತೆ ಅದೇ ಮೊಳೆಗೆ ಹಾಕಿದಳು.

ಶನಿವಾರ ಬಂತು. ಅವಳ ಗಿರಾಕಿಯೊಬ್ಬರು ಮಾಟುಂಗ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ, ವಿಜಯಪುರದ ಕಡೆಯವನು ಎಂದಿದ್ದರು. ಅವ್ವನಿಗೆ ಮನಸ್ಸಿರಲಿಲ್ಲ, ಬೆನ್ನುಬಿದ್ದು ಕರೆದುಕೊಂಡು ಹೋದೆ. ಸೋಫಾ ಇಲ್ಲ, ಒಂದು ಹಳೇ ಟೈರಿದೆ, ಬೇಕಾದರೆ ಕೂತುಕೊಳ್ಳಿ. ಮೆಕ್ಯಾನಿಕ್ ನಮ್ಮನ್ನು ನೋಡಿಯೂ ನೋಡದವನ ಹಾಗೆ "ಐದ ಮಿನಿಟ" ಎಂದು ವಡಾಪಾವ್ ತಿನ್ನಲು ಹೋದ. ಅವನ ಐದು ಮಿನಿಟಿನಲ್ಲಿ ನಾನು ಗಲ್ಲಿಯ ಆ ತುದಿಯಿಂದ ಈ ತುದಿಗೆ ಹೋಗಿ ಬಂದೆ, ಗೋಡೆಯ ಮೇಲಿನ ಜಾಹೀರಾತುಗಳನ್ನೆಲ್ಲ ಓದಿದೆ, ಟೈರಿನ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ.

"ಕುಂಡಿಗೆ ಇರುವಿ ಕಚ್ಚ್ಯಾವೇನೋ? ಒಂದ ಕಡೆ ನಿಂದರ" ಎಂದಳು ಅವ್ವ.

ಅವನು ಬಾಯಿ ಒರೆಸುತ್ತ ಬಂದ. ನಾನು ಕಾದಿದ್ದದ್ದೇ ಅದಕ್ಕೆ. ಪೂರ್ತಿ ಪ್ರದರ್ಶನ ಕೊಟ್ಟೆ, ಬೆಕ್ಕಿಗೆ ಈ ಸಲ ಸ್ವಲ್ಪ ಜಾಸ್ತಿಯೇ ಉಸಿರು ಹಾಕಿದೆ. ಅವನು ಕೊನೆಯವರೆಗೂ ಕೇಳಿದ.

"ಗಾಡಿ ಹಿಂಗ ಒದರಿದ್ರ ಇಲ್ಲೀತನಕ ಬರ್ತಿದ್ದಿಲ್ಲ ತಮ್ಮಾ. ಯಾರ ಹೊಡೀತಾರ ಇದನ್ನ?"

"ನಮ್ಮ ಅವ್ವ. ಅದು ಹೆಂಗಂದ್ರ..."

"ನೀ ಸುಮ್ನಿರು. ಅಕ್ಕಾರ, ನೀವ ಹೇಳ್ರಿ. ಹೆಂಗ ಬರ್ತತಿ ಸಪ್ಪಳ?"

ಅವ್ವ ನನ್ನ ಕಡೆ ನೋಡಿದಳು. "ನನಗ ಇವನಂಗ ಮಾಡಾಕ ಬರೂದಿಲ್ರಿ."

"ಬಂದಂಗ ಮಾಡ್ರಿ."

ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅವ್ವ "ಕೀಂ" ಎಂದಳು. ಗುಬ್ಬಿಯಷ್ಟು. ನನ್ನ ಬೆಕ್ಕಿಗೆ ಅದರ ಪರಿಚಯವೇ ಇರಲಿಲ್ಲ.

ಮೆಕ್ಯಾನಿಕ್ ಏನೋ ತಿಳಿದವನ ಹಾಗೆ ಹಿಂದಿನ ಗಾಲಿ ಎತ್ತಿ ತಿರುಗಿಸಿದ, ಎಣ್ಣೆ ಬಿಟ್ಟ, ಬಡಿದ. ಗಲ್ಲಿಯಲ್ಲಿ ಓಡಿಸಿ ನೋಡಿದ. ಏನೂ ಕೇಳಿಸಲಿಲ್ಲ. ತಲೆ ಕೆರೆದುಕೊಂಡ. "ನನ್ನ ಕೈಯಾಗ ಬರವಲ್ದು. ಅಕ್ಕಾರ, ನೀವ ಹೊಡೀರಿ, ನಾ ಹಿಂದ ಕುಂದರತೀನಿ."

"ನಾ ಬಿಟ್ಟೀನ್ರಿ ಹೊಡ್ಯೂದು."

"ನಾಳಿಂದ ಬಿಡ್ರಿ. ಇವತ್ತ ಸಪ್ಪಳ ಕೇಳಸ್ರಿ."

ಅವ್ವ ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ನಾನು ಬಾಯಿ ತೆರೆದಿದ್ದರೆ ಅವಳು ಖಂಡಿತ ಹತ್ತುತ್ತಿರಲಿಲ್ಲ. ತುಟಿ ಕಚ್ಚಿ ಹಿಡಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಹಿಂದೆ ಕೂತವನ ಮುಖದಲ್ಲಿ ಅಷ್ಟೊತ್ತಿನ ಗತ್ತು ಇರಲಿಲ್ಲ. ಎರಡೂ ಕೈಯಲ್ಲಿ ಹಿಂದಿನ ಕಂಬಿ ಹಿಡಿದಿದ್ದ.

ಅವರು ಮುಖ್ಯರಸ್ತೆಗೆ ತಿರುಗಿದ್ದೇ ನಾನು ಗಲ್ಲಿಯಲ್ಲಿ ಅತ್ತಿಂದಿತ್ತ ಓಡಾಡತೊಡಗಿದೆ. ಅಷ್ಟರಲ್ಲಿ ಒಬ್ಬ ಬೈಕ್ ತಳ್ಳಿಕೊಂಡು ಬಂದು ನನ್ನನ್ನೇ ಮೆಕ್ಯಾನಿಕ್ ಎಂದುಕೊಂಡು "ಪಂಕ್ಚರ್ ಹೈ, ಕಿತನಾ ಟೈಮ್?" ಎಂದ. ನಾನು ಅವನ ಮುಖ ಕೂಡ ನೋಡದೆ, "ಐದ ಮಿನಿಟ" ಎಂದೆ. ಭಾಷೆ ತಿಳಿಯದಿದ್ದರೂ ಅವನಿಗೆ ಅರ್ಥವಾಯಿತು. ಟೈರಿನ ಮೇಲೆ ಕೂತುಕೊಂಡ. ಕೆಟ್ಟ ಸರ್ವಿಸ್ ಕೊಡುವುದು ಇಷ್ಟು ಸುಲಭ ಅಂತ ನನಗೆ ಗೊತ್ತಿರಲಿಲ್ಲ.

ಅವ್ವ ವಾಪಸ್ ಬಂದು ತಿರುಗುವಾಗ ಗಲ್ಲಿಯ ಬಾಯಿಯಲ್ಲಿ "ಕೀಂ" ಎಂದಿತು. ಅವ್ವ ಮಾಡಿ ತೋರಿಸಿದ್ದು ಹಾಗೇ ಇತ್ತು, ಗುಬ್ಬಿಯಷ್ಟು.

"ಮುಂದಿನ ಬ್ರೇಕ" ಎಂದು ಇಳಿದ ಮೆಕ್ಯಾನಿಕ್. "ನಾ ಹಿಂದಿನದಷ್ಟ ಒತ್ತಿದ್ದೆ. ಅಕ್ಕಾರ ಎರಡ ಬಟ್ಟ ಅದರ ಮ್ಯಾಲಿಂದ ತಗಿಯೂದ ಇಲ್ಲ. ತಿಕ್ಕಿ ತಿಕ್ಕಿ ಒಳಗ ಕನ್ನಡಿ ಆಗಿರತೈತಿ." ಗಾಲಿ ಬಿಚ್ಚಿ ಒಳಗಿನ ಬ್ರೇಕ್ ಶೂ ತೋರಿಸಿದ, ನಿಜವಾಗಿಯೂ ಮಿರಮಿರ ಮಿಂಚುತ್ತಿತ್ತು. ಉಸುಕಿನ ಕಾಗದದಲ್ಲಿ ಉಜ್ಜಿ ಮತ್ತೆ ಕೂರಿಸಿದ. "ಹೆದರಿ ಹಿಡೀಬ್ಯಾಡ್ರಿ. ಬೇಕಾದಾಗ ಒತ್ತರಿ, ಸಾಕು."

"ಹಿಂದಿಂದ ಹಾರ್ನ್ ಹೊಡೀತಾರಲ್ರಿ?"

"ಹೊಡೀಲಿ ಬಿಡ್ರಿ. ಹಾರ್ನೂ ಅವರದು, ಬ್ಯಾಟರೀನೂ ಅವರದು."

ಅವ್ವ ಜೋರಾಗಿ ನಕ್ಕಳು. ನಾನು ಕೀಲಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ.

"ಹಿಂದ ಕುಂದರ. ದಾದರಿಗೆ ಹೋಗೂದೈತಿ."

ದಾದರ್ ಕಡೆಯ ಸಿಗ್ನಲ್ಲಿನಲ್ಲಿ ನಿಂತಿದ್ದೆವು. ಹಿಂದೆ ಯಾರೋ ಹಸಿರು ಬೀಳುವ ಮೊದಲೇ ಹಾರ್ನ್ ಒತ್ತತೊಡಗಿದ್ದ. ಅವ್ವನ ಭುಜ ಬಿಗಿಯಾದದ್ದು ನನಗೆ ಕಂಡಿತು. ಬೆರಳು ಬ್ರೇಕಿನ ಮೇಲೆ ಹೋಯಿತು, ವಾಪಸ್ ಬಂತು. ಅಷ್ಟರಲ್ಲಿ ನನ್ನ ಫೋನು. "ಸರ್, ಸರ್ವಿಸ್ ಸೆಂಟರ್ ಸೇ, ಫೀಡ್‌ಬ್ಯಾಕ್ ಕೇ ಲಿಯೇ..." ಗಾಡಿ ಯಾರದೋ ಅವರನ್ನೇ ಕೇಳಿ ಎಂದು ಫೋನನ್ನು ಅವ್ವನ ಹೆಲ್ಮೆಟ್ಟಿನ ಸಂದಿಗೆ ಹಿಡಿದೆ.

"ಮೈ ಗಾಡಿ ಚಲಾತೀ. ಬಾದ್ ಮೇ ಕರೋ" ಎಂದಳು ಅವ್ವ, ತನ್ನ ಧಾರವಾಡದ ಹಿಂದಿಯಲ್ಲಿ.

ಹಸಿರು ಬಿತ್ತು, ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಅವಳು ತಲೆ ತಿರುಗಿಸದೆ ಅಂದಳು. "ಎರಡನೇ ಮಾಳಿಗಿ ಕಾಕಾಗ ಹೇಳಿಬಿಡು, ನಾಳೆ ಬರೂದ ಬ್ಯಾಡಂತ."

"ಯಾರ ದನಿಯೊಳಗ ಹೇಳ್ಲಿ?"

"ಬಾಯಿ ಮುಚ್ಚು, ತಿರುವು ಬಂತು."

ಮುಚ್ಚಿದೆ. ಇಬ್ಬರೂ ಕಿವಿಗೊಟ್ಟೆವು. ತಿರುವಿನಲ್ಲಿ ಅವ್ವನ ಬಳೆ ಹ್ಯಾಂಡಲ್ಲಿಗೆ ತಾಗಿದ ಸಪ್ಪಳವಷ್ಟೇ ಕೇಳಿಸಿತು.