ಹನ್ನೊಂದು ರಾವುತರು, ಒಂದೇ ಬಿಜಲಿ

ಮೈದಾ ಅಂಟು ಕುದಿಯುವಾಗ ಒಂದು ವಾಸನೆ ಬರುತ್ತದೆ. ಹಸಿ ಹಿಟ್ಟಿನದೂ ಅಲ್ಲ, ಬೆಂದ ಅಂಬಲಿಯದೂ ಅಲ್ಲ, ಎರಡರ ನಡುವಿನದು. ಮೊನ್ನೆ ಮೊಮ್ಮಗಳ ಪುಸ್ತಕಗಳಿಗೆ ರಟ್ಟು ಹಚ್ಚುವಾಗ ಅಂಗಡಿಯ ಗೋಂದು ಸಾಲದೆ ಹೋಗಿ, ನಾನೇ ಒಲೆಯ ಮೇಲೆ ಹಳೆಯ ಪಾತ್ರೆಯಿಟ್ಟು ಮೈದಾ ಕುದಿಸಿದೆ. ಮೊದಲ ಗುಳ್ಳೆ ಎದ್ದು ಒಡೆದದ್ದೇ ತಡ, ನಾನು ಆ ಅಡುಗೆಮನೆಯಲ್ಲಿ ಇರಲಿಲ್ಲ. ಅಣ್ಣಿಗೇರಿಯ ತವರುಮನೆಯ ಪಡಸಾಲೆಯಲ್ಲಿ ಕಾಕಾನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದೆ. ಹುಳ ತಿನ್ನದಿರಲೆಂದು ಕಾಕಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದ. ಅವನು ಆ ವಿಷ ಹಾಕುವ ಮೊದಲೇ ನಾನು ಬೆರಳು ಅದ್ದಿ ಎರಡು ಸಲ ನೆಕ್ಕಿರುತ್ತಿದ್ದೆ. ಮೊಮ್ಮಗಳಿಗೆ ಇದನ್ನು ಹೇಳಿಲ್ಲ. ನಿಮಗೆ ಹೇಳಿದ್ದೇನೆ, ನಿಮ್ಮಲ್ಲೇ ಇರಲಿ.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಐದನೆಯ ಇಯತ್ತೆ. ಕಾಕಾ ಎಂದರೆ ನನ್ನಪ್ಪನ ತಮ್ಮ. ಮನೆಯ ಮುಂದಿನ ಅಂಕಣವನ್ನು ರಸ್ತೆಯ ಕಡೆ ಒಡೆಸಿ ಅವನು ಫೋಟೋ ಸ್ಟುಡಿಯೋ ಮಾಡಿಕೊಂಡಿದ್ದ. ಜೋಳದ ಚೀಲ ಇಡುತ್ತಿದ್ದ, ಕಿಟಕಿಯೇ ಇಲ್ಲದ ಕೋಣೆ ಡಾರ್ಕ್‌ರೂಮ್ ಆಗಿತ್ತು. ಅಲ್ಲಿ ಚಿತ್ರವನ್ನು ಕಾಗದದ ಮೇಲೆ ಅಳಿಯದಂತೆ ನಿಲ್ಲಿಸುವ ಹೈಪೋ ನೀರಿನ ಘಾಟಿನ ಅಡಿಯಲ್ಲಿ ಇನ್ನೂ ಹಳೆಯ ಜೋಳದ ಘಮ ಮಲಗಿತ್ತು. ಫೋಟೋ ತೆಗೆಯುವವನು ಕಾಕಾ, ಮಂದಿಯನ್ನು ಚಂದ ಮಾಡುವವಳು ಶಾಂತತ್ತಿ, ಅವನ ತಂಗಿ. ಸಣ್ಣ ಕುಂಚ, ಸೀಸದ ಕಡ್ಡಿ, ಒಂದು ಬಾಗಿದ ಕತ್ತರಿ, ಇಷ್ಟೇ ಆಕೆಯ ಸಂಸಾರ. ಊರಿನ ಯಾವ ಕನ್ಯೆಯ ಮೊಡವೆಯೂ ಆಕೆಯ ಕುಂಚವನ್ನು ದಾಟಿ ವರನ ಮನೆಗೆ ಹೋದದ್ದಿಲ್ಲ. ನಾನು ಆಕೆಯ ಬಾಲ. ಆಕೆ ತಲೆ ಬಾಚಿದರೇ ನನ್ನ ಜಡೆ ನಿಲ್ಲುತ್ತಿತ್ತು, ಆಕೆ ಕಲಸಿಕೊಟ್ಟರೇ ಅನ್ನ ಇಳಿಯುತ್ತಿತ್ತು. ಹೆತ್ತವ್ವ ಇದನ್ನು ನೋಡಿ, "ಇಕಿನ್ನ ನಾ ಹಡದೇನೋ ನೀ ಹಡದೀಯೋ, ಒಮ್ಮಿ ನಿಕ್ಕಿ ಮಾಡೂಣು ಬಾರವಾ" ಎಂದು ನಗುತ್ತಿದ್ದಳು.

ಅತ್ತಿ ತವರಿಗೆ ಬಂದು ನಾಲ್ಕು ವರ್ಷವಾಗಿತ್ತು. ಆಕೆಯ ಗಂಡ ಗೋವಾಕ್ಕೆ ದುಡಿಯಲು ಹೋದವನು ಮೂರು ಪತ್ರ ಬರೆದ, ನಾಲ್ಕನೆಯದು ಬರಲಿಲ್ಲ. ಹುಡುಕಲು ಹೋದವರು ಬರಿಗೈಯಲ್ಲಿ ಬಂದರು. ಅಜ್ಜಿ ಮಾತ್ರ, "ಅಂವಾ ಇವತ್ತಿಲ್ಲಾ ನಾಳಿ ಬರ್ತಾನ, ಕೈ ಬರೇದು ಬಿಡಬ್ಯಾಡ" ಎಂದು ಪ್ರತಿ ಹಬ್ಬಕ್ಕೂ ಮಗಳ ಕೈಗೆ ಹಸಿರು ಬಳೆ ಇಡಿಸುತ್ತಿದ್ದಳು. ಆ ವರ್ಷ ಕಲಘಟಗಿ ಕಡೆಯ ತಂಬೂರ ಎಂಬ ಊರಿನ ಶಾಲೆಯ ಮಾಸ್ತರರೊಬ್ಬರು, ಹೆಂಡತಿಯನ್ನು ಕಳೆದುಕೊಂಡವರು, ಉಡಿಕೆ ಮಾಡಿಕೊಳ್ಳುತ್ತೇನೆಂದು ಕಾಕಾನ ಹತ್ತಿರ ಹೇಳಿಕಳಿಸಿದ್ದರು. ವಾಲಗ ಚಪ್ಪರ ಇಲ್ಲದೆ, ನಾಲ್ಕು ಜನರ ಮುಂದೆ ಸೀರೆ ಕೊಟ್ಟು ಎರಡನೆಯ ಮದುವೆ ಮಾಡುವುದಕ್ಕೆ ನಮ್ಮಲ್ಲಿ ಉಡಿಕೆ ಎನ್ನುತ್ತಾರೆ. ಅತ್ತಿ ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ನನಗೆ ಆ ವಯಸ್ಸಿನಲ್ಲೂ ಲೆಕ್ಕ ಸರಿಯಾಗಿ ತಿಳಿದಿತ್ತು. ಬಳೆ ತೆಗೆದರೆ ಗಂಡ ಇಲ್ಲವೆಂದು ಒಪ್ಪಿಕೊಂಡಂತೆ, ಒಪ್ಪಿಕೊಂಡರೆ ಮಾಸ್ತರರಿಗೆ ಹೂಂ ಅಂದಂತೆ, ಹೂಂ ಅಂದರೆ ನನ್ನ ಅತ್ತಿ ನನ್ನ ಕೈ ಬಿಟ್ಟು ಹೋದಂತೆ. ಅದಕ್ಕೆ ದಿನಾ ಬೆಳಿಗ್ಗೆ ಎದ್ದ ಕೂಡಲೇ ನಾನು ನೋಡುತ್ತಿದ್ದದ್ದು ಆಕೆಯ ಮುಂಗೈಯನ್ನು.

ಹೀಗಿರುವಾಗ ಪಕ್ಕದ ಹಳ್ಳಿಯ ಇನಾಮದಾರರು ಸ್ಟುಡಿಯೋಕ್ಕೆ ಬಂದರು. ಜರಿ ರುಮಾಲು, ಕೈಯಲ್ಲಿ ಬೆಳ್ಳಿ ಹಿಡಿಯ ಬೆತ್ತ.

"ನಮ್ಮ ಹಿರೇರು ಹನ್ನೊಂದ ಮಂದಿ ಕುದರಿ ಹತ್ತಿ ವೈರಿ ಮ್ಯಾಲೆ ಏರಿ ಹೋಗಿದ್ರಪಾ. ಅದರದೊಂದು ದೊಡ್ಡ ಫೋಟೋ ಬೇಕು. ಮಗಳ ಮದವ್ಯಾಗ ಪಡಸಾಲ್ಯಾಗ ಹಾಕಬೇಕಂತ ಮಾಡೇನಿ."

"ಅವಾಗ ಯಾರೂ ಫೋಟೋ ತಗದಿಲ್ಲೇನ್ರಿ ಧಣ್ಯಾರ?" ಎಂದ ಕಾಕಾ.

"ತಗದಿದ್ರ ನಿನ್ನ ಕಡೆ ಯಾಕ ಬರತಿದ್ದೆಲೇ?"

ಹೀಗೆ ಕೆಲಸ ಕುದುರಿತು. ಹನ್ನೊಂದು ಕುದುರೆ ಎಲ್ಲಿಂದ ಬರಬೇಕು? ಊರಿನಲ್ಲಿ ಉಳಿದದ್ದು ಒಂದೇ ಟಾಂಗಾ, ಇಮಾಮಸಾಬನದು. ಅದಕ್ಕೆ ಒಂದೇ ಹೆಣ್ಣುಕುದುರೆ, ಬಿಜಲಿ. ಅದನ್ನೇ ಹನ್ನೊಂದು ಸಲ ಓಡಿಸಿ, ಹನ್ನೊಂದು ಫೋಟೋ ತೆಗೆದು, ಕುದುರೆ ಸವಾರರನ್ನು ಕತ್ತರಿಸಿ ಒಂದೇ ಬಯಲಿನ ಫೋಟೋದ ಮೇಲೆ ಅಂಟಿಸಿ, ಅದರದ್ದೇ ಮತ್ತೊಂದು ಫೋಟೋ ತೆಗೆದರೆ ದಂಡು ಸಿದ್ಧ ಎಂದು ಕಾಕಾ ವಿವರಿಸಿದ. ಇಮಾಮಸಾಬ ಎಲ್ಲವನ್ನೂ ಕೇಳಿ, "ಅದೆಲ್ಲಾ ಖರೇರಿ. ಆದರ ಬಿಜಲಿ ಓಡಬೇಕಲ್ರಿ?" ಎಂದ. ಬಿಜಲಿಗೆ ಹೆಸರಷ್ಟೇ ಮಿಂಚಿನದು. ಚಾಟಿಗೂ ಬಗ್ಗದು, ಬೆಲ್ಲಕ್ಕೂ ಬಗ್ಗದು. ಆದರೆ ರೈಲಿನ ಸೀಟಿ ಕೇಳಿದರೆ ಸಾಕು, ಸ್ಟೇಷನ್ನಿನಲ್ಲಿ ಸವಾರಿ ಕಾಯುತ್ತಿದೆ ಎಂದು ಕಿವಿ ನಿಗುರಿಸಿ ಓಟ ಕೀಳುತ್ತಿತ್ತು. ಆದ್ದರಿಂದ ನಮ್ಮ ಯುದ್ಧವೆಲ್ಲ ರೈಲಿನ ವೇಳೆಗೆ. ಬೆಳಗಿನ ಪ್ಯಾಸೆಂಜರ್‌ಗೆ ಒಬ್ಬ ರಾವುತ, ಸಂಜೆಯದಕ್ಕೆ ಇನ್ನೊಬ್ಬ. ಗಾಡಿ ತಡವಾದರೆ ಯುದ್ಧವೂ ತಡ.

ಬೇಸಿಗೆ. ಎರೆಹೊಲ ಬಾಯಿ ಬಿಟ್ಟಿತ್ತು, ಬಿರುಕಿನಲ್ಲಿ ಬಿಜಲಿಯ ಕಾಲು ಸಿಕ್ಕರೆ ಕತೆ ಮುಗಿಯಿತು ಎಂದು ಸ್ಟೇಷನ್ನಿನ ಕಡೆಯ ಗಾಡಿದಾರಿಯನ್ನೇ ರಣರಂಗ ಮಾಡಿಕೊಂಡರು. ಕಾಕಾ ಜಾಲಿಗಿಡದ ಮರೆಯಲ್ಲಿ ಮೊಣಕಾಲೂರಿ ಕ್ಯಾಮೆರಾ ಹಿಡಿಯುತ್ತಿದ್ದ. ದೂಳು ಸಾಲದೆಂದು ಅಜ್ಜಿ ಮೊರದ ತುಂಬ ಒಲೆಯ ಬೂದಿ ತಂದು, ಕುದುರೆ ಹಾಯುವ ಹೊತ್ತಿಗೆ ಸರಿಯಾಗಿ ತೂರುತ್ತಿದ್ದಳು. "ಮುಸುರಿ ತಿಕ್ಕಾಕ ಬೂದಿ ಇಲ್ಲದಂಗ ಮಾಡಿದ್ರಿ" ಎಂದು ಬೈಯುತ್ತಲೇ ತೂರುತ್ತಿದ್ದಳು. ರಾವುತರ ಕೈಯಲ್ಲಿ ಕತ್ತಿಯ ಬದಲು ಜೋಳದ ದಂಟು. ಇಮಾಮಸಾಬ ರುಮಾಲು ಬದಲಿಸಿ ಬದಲಿಸಿ ಏಳು ಸಲ ಓಡಿಸಿದ. ಅಪ್ಪ ಎರಡು ಸಲ ಹತ್ತಿ ಮೂರು ದಿನ ಕೂರಲಾರದೆ ನಿಂತೇ ಉಂಡ. ಎದುರು ಕಿರಾಣಿ ಅಂಗಡಿಯವನು ಒಮ್ಮೆ ಹತ್ತಿ ಮೂರು ಸಲ ಬಿದ್ದ. ಅದು ಹೇಗೆ ಎಂದು ಕೇಳಬೇಡಿ, ನಾನು ಕಣ್ಣಾರೆ ನೋಡಿದ್ದೇನೆ. ಅಂತೂ ಹತ್ತು ಮುಗಿದವು. ಹನ್ನೊಂದನೆಯದಕ್ಕೆ ಯಾರೂ ಸಿಗಲಿಲ್ಲ.

"ನಾ ಹತ್ತಲೇನಣ್ಣಾ?" ಎಂದಳು ಅತ್ತಿ.

ಅಜ್ಜಿ ಬೂದಿಯ ಮೊರ ಕೆಳಗಿಟ್ಟಳು. "ಹೆಣ್ಮಗಳು ಕುದರಿ ಹತ್ತಿದ್ರ ಮಂದಿ ಏನಂದಾರು?"

"ಮೀಸಿ ಬರದ ಮ್ಯಾಲೆ ಹೆಣ್ಮಗಳ ಅನ್ನಾವ್ರ ಯಾರಬೇ?" ಎಂದ ಕಾಕಾ. ಆಮೇಲೆ ತಂಗಿಯ ಕೈ ನೋಡಿ, "ಬಳಿ ಒಂದ ತಾಸು ತಗದಿಡು" ಎಂದ.

ಅಜ್ಜಿ ಎದ್ದು ಬಂದು ಮಗಳ ಎರಡೂ ಮುಂಗೈ ಹಿಡಿದುಕೊಂಡು ನಿಂತಳು. "ಮೀಸಿ ಬರಕೋರಿ, ಗಡ್ಡಾ ಹಚ್ಚರಿ. ಇವಕ್ಕ ಕೈ ಹಚ್ಚಬ್ಯಾಡ್ರಿ." ಕಾಕಾ ಅಪ್ಪನ ಉದ್ದ ತೋಳಿನ ಅಂಗಿ ತಂದು ಕೊಟ್ಟ, ಬಳೆಗಳ ಮೇಲೆ ಬಟ್ಟೆಯ ಪಟ್ಟಿ ಸುತ್ತಿದ. ನಾನು ಕಾಡಿಗೆಯಿಂದ ಮೀಸೆ ಬರೆದೆ. ಅತ್ತಿಯ ಮುಖ ನನ್ನ ಬೆರಳಿನ ಕೆಳಗೆ ಬಿಸಿಯಾಗಿತ್ತು. ಸಂಜೆಯ ಗಾಡಿ ಸೀಟಿ ಹಾಕಿತು. ಬಿಜಲಿ ಅಂದು ಓಡಿದ ಹಾಗೆ ಮತ್ತೆಂದೂ ಓಡಲಿಲ್ಲ. ಅತ್ತಿ ಮುಂದಕ್ಕೆ ಬಾಗಿ, ದಂಟು ಎತ್ತಿ, ಬಾಯಿ ತೆರೆದು ಏನೋ ಕೂಗುತ್ತ ನಮ್ಮನ್ನು ಹಾಯ್ದು ಹೋದಳು. ನಾಲ್ಕು ವರ್ಷದಲ್ಲಿ ಆಕೆಯ ದೊಡ್ಡ ದನಿಯನ್ನು ಯಾರೂ ಕೇಳಿರಲಿಲ್ಲ. ಹೊರಳಿ ಬಂದಾಗ ಮೀಸೆಯ ಮೇಲೆ ಬೆವರು ಇಳಿಯುತ್ತಿತ್ತು, ಕೈಗೆ ಸುತ್ತಿದ ಪಟ್ಟಿ ಎಲ್ಲೋ ಬಿಚ್ಚಿ ಬಿದ್ದಿತ್ತು. ಫೋಟೋ ತೊಳೆದಾಗ ಕಂಡಿತು. ಎತ್ತಿದ ಕೈಯಿಂದ ಅಂಗಿಯ ತೋಳು ಜಾರಿ, ರಾವುತನ ಮುಂಗೈ ತುಂಬ ಬಳೆ.

"ಅದನ್ನ ನಾನ ಮುಚ್ಚತೀನಿ ಬಿಡು" ಎಂದಳು ಅತ್ತಿ. ಮುಚ್ಚುವುದು ಬಹಳ ಇತ್ತು. ಬೆಳಗಿನ ರಾವುತರ ನೆರಳು ಒಂದು ಕಡೆ, ಸಂಜೆಯವರ ನೆರಳು ಇನ್ನೊಂದು ಕಡೆ ಬಿದ್ದು, ದಂಡಿಗೆ ಎರಡು ಸೂರ್ಯ ಹುಟ್ಟಿದಂತಾಗಿತ್ತು. ಅವನ್ನೆಲ್ಲ ದೂಳು ಬರೆದು ಮುಚ್ಚಿದಳು, ದಂಟುಗಳನ್ನು ಕತ್ತಿ ಮಾಡಿದಳು, ಕಂಬಳಿಗಳನ್ನು ಜೀನು ಮಾಡಿದಳು, ಬಿಜಲಿಗೆ ಒಂದು ಕಡೆ ಬಿಳಿ ಕಾಲು, ಒಂದು ಕಡೆ ಹಣೆಯ ಮೇಲೆ ನಾಮ ಕೊಟ್ಟು ಹನ್ನೊಂದು ಕುದುರೆ ಮಾಡಿದಳು. ತನ್ನ ಕೈಯನ್ನು ಕಡೆಗಿಟ್ಟುಕೊಂಡಳು. ಒಂದು ಮಧ್ಯಾಹ್ನ ಕುಂಚ ಅದ್ದಿ, ಅಂಚಿಗೆ ಒರೆಸಿ, ಮೂರೇ ಎಳೆಯಲ್ಲಿ ಬಳೆ ಅಳಿಸಿದಳು. ಆಮೇಲೆ ಎಷ್ಟೋ ಹೊತ್ತು ಆ ಬರಿಯ ಮುಂಗೈಯನ್ನು ನೋಡುತ್ತ ಕುಳಿತಳು. "ಹಿಂಗ ಕಾಣತದ ನೋಡು" ಎಂದಳು ನನಗೆ. "ಅಂಥಾದ್ದೇನೂ ಇಲ್ಲ."

ಆ 'ಅಂಥಾದ್ದೇನೂ ಇಲ್ಲ' ಎಂದರೆ ಅತ್ತಿ ಹೊರಟಳೆಂದೇ ನನ್ನ ಲೆಕ್ಕ. ಆಕೆ ಕೈ ತೊಳೆಯಲು ಹಿತ್ತಲಿಗೆ ಹೋದಾಗ ನಾನು ಹೊಲಿಗೆಯ ಸೂಜಿ ತೆಗೆದುಕೊಂಡು, ಉಸಿರು ಹಿಡಿದು, ಆ ಮುಂಗೈಯ ಮೇಲೆ ಬಳೆ ಕೆತ್ತಿದೆ. ಸೂಜಿ ತಾಗಿದಲ್ಲಿ ಬಣ್ಣ ಕಿತ್ತು ಬಿಳಿ ಕಾಗದ ಕಾಣುತ್ತಿತ್ತು, ಗಾಜು ಹೊಳೆದ ಹಾಗೇ. ಕಾಕಾ ಅವಸರದಲ್ಲಿ ಏನೂ ನೋಡದೆ ಅದರ ಫೋಟೋ ತೆಗೆದ. ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ ದೊಡ್ಡ ಕಾಗದವನ್ನು ಟ್ರೇಯಲ್ಲಿ ಅಲುಗಾಡಿಸುತ್ತಿದ್ದವಳು ಅತ್ತಿ. ಮೊದಲು ರುಮಾಲುಗಳು ಎದ್ದವು, ಆಮೇಲೆ ಕುದುರೆಗಳ ಕಿವಿ, ಆಮೇಲೆ ಬಳೆ. ಅತ್ತಿಯ ಕೈ ನಿಂತಿತು. ನನ್ನ ಕಡೆ ತಿರುಗಿದಳು. ಕಾಗದವನ್ನು ಹೈಪೋಗೆ ಹಾಕಿದಳು.

ಮರುದಿನ ತಲೆಗೆ ಎಣ್ಣೆ ಹಚ್ಚುವಾಗ ಕೇಳಿದಳು. "ಎಷ್ಟ ಬಳಿ ಕೆತ್ತೀದಿ?"

"ನಾಕು."

"ನನ್ನ ಕೈಯಾಗ ಆರ ಇದ್ವು. ಎಣಸೂದರೆ ಬರೂದಿಲ್ಲೇನ ನಿನಗ?"

ನಾನು ಅತ್ತುಬಿಟ್ಟೆ. ಹೋಗಬೇಡ ಎಂದು ಹೇಳಬೇಕಾಗಿತ್ತು, ಬಾಯಿಗೆ ಬಂದದ್ದು "ಮತ್ತ ಅಳಸ್ತೀಯೇನತ್ತಿ?" ಎಂದು. ಆಕೆ ಜಡೆ ಬಿಗಿದು ರಿಬ್ಬನ್ ಕಟ್ಟಿದಳು. "ಇರಲಿ ಬಿಡು. ಅಲ್ಲೆರೆ ಇರಲಿ." ಎರಡು ದಿನ ಬಿಟ್ಟು ಬಚ್ಚಲಲ್ಲಿ ಸಾಬೂನು ನೀರು ಹಚ್ಚಿಕೊಂಡು, ಒಂದೂ ಒಡೆಯದ ಹಾಗೆ ಬಳೆಗಳನ್ನು ತೆಗೆದು ಗೋಡೆಯ ಮಾಡದಲ್ಲಿಟ್ಟಳು. ಅಜ್ಜಿ ಅವನ್ನು ನೋಡಿ, ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು.

ಇನಾಮದಾರರ ಮಗಳ ಮದುವೆಗೆ ಫೋಟೋ ತೆಗೆಯಲು ಕಾಕಾ ಹೋದಾಗ ನಾನೂ ಹೋಗಿದ್ದೆ. ಪಡಸಾಲೆಯ ಗೋಡೆಯ ತುಂಬ ನಮ್ಮ ಬಿಜಲಿ. ಬೀಗರ ಕಡೆಯ ಮುದುಕಿಯೊಬ್ಬಳು ಕಣ್ಣು ಕಿರಿದು ಮಾಡಿ, "ಈ ರಾವುತನ ಕೈಯಾಗ ಬಳಿ ಅದಾವಲ್ರೀ" ಎಂದಳು. ಇನಾಮದಾರರು ಒಂದು ಕ್ಷಣ ನೋಡಿದರು. ಆಮೇಲೆ ಮೀಸೆ ತೀಡಿ, "ಅಕಿ ನಮ್ಮ ಮುತ್ತಜ್ಜಿ ಅದಾಳವಾ. ಗಂಡಸರ ಸರಿಸಮ ಏರಿ ಹೋದಾಕಿ" ಎಂದರು. ಕಾಕಾ ಕ್ಯಾಮೆರಾದೊಳಗೆ ಮುಖ ಹುದುಗಿಸಿದ. ಅವನ ಹೆಗಲು ಕುಣಿಯುತ್ತಿತ್ತು. ಮುಂದೆ ಆ ಮುತ್ತಜ್ಜಿಯ ಹೆಸರನ್ನು ಆ ಮನೆಯ ಮೊಮ್ಮಗಳಿಗೆ ಇಟ್ಟರೆಂದೂ ಕೇಳಿದೆ. ಯಾವ ಹೆಸರು ಎಲ್ಲಿಂದ ತಂದರೋ, ಶಿವನೇ ಬಲ್ಲ.

ಈಗ ಇನಾಮದಾರರ ಆ ವಾಡೆ ಇಲ್ಲ, ಫೋಟೋ ಎಲ್ಲಿ ಹೋಯಿತೋ ಗೊತ್ತಿಲ್ಲ. ರಸ್ತೆ ಅಗಲ ಮಾಡುವಾಗ ನಮ್ಮ ಮುಂದಿನ ಅಂಕಣ ಹೋಯಿತು, ನೆಗೆಟಿವ್‌ಗಳ ಡಬ್ಬಿ ಆ ಗದ್ದಲದಲ್ಲಿ ಕಳೆಯಿತು. ಕಾಕಾ ಇಲ್ಲ, ಅಜ್ಜಿ ಇಲ್ಲ. ಅತ್ತಿ ತಂಬೂರದಲ್ಲಿ ಮಾಸ್ತರರ ಜೊತೆ ಸುಖವಾಗಿಯೇ ಇದ್ದಳು. ಎರಡು ಮಕ್ಕಳ ತಾಯಿಯಾದಳು, ಹೋದ ವರ್ಷ ತೀರಿಕೊಂಡಳು. ಇಷ್ಟು ವರ್ಷ ನಾನು ಎಷ್ಟೋ ಸಲ ಆಕೆಯ ಮನೆಯಲ್ಲಿ ಉಂಡು ಬಂದಿದ್ದೇನೆ. ಆದರೂ ಆಕೆಯನ್ನು ನೆನೆದರೆ ಕಣ್ಣಿಗೆ ಬರುವುದು ಆ ಮನೆಯಲ್ಲ, ಆಕೆ ಹೊರಟ ದಿನ.

ಟಾಂಗಾ ಬಾಗಿಲಿಗೆ ಬಂದಿತ್ತು. ನಾನು ಯಾರ ಕೈಗೂ ಸಿಗದೆ ಡಾರ್ಕ್‌ರೂಮ್ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡೆ. ಎಲ್ಲರೂ ಕರೆದರು, ಅವ್ವ ಬೈದಳು, ಕಾಕಾ ಬಾಗಿಲು ಬಡಿದ. ನಾನು ಜೋಳದ ಘಮದಲ್ಲಿ ಮೂಗು ಹುದುಗಿಸಿ ಕುಳಿತೆ. ಕಡೆಗೆ ಎಲ್ಲ ಸದ್ದೂ ನಿಂತು, ಬಾಗಿಲ ಆಚೆ ಹೊಸ ಸೀರೆಯ ಸರಬರ ಕೇಳಿತು.

"ತಂಗೀ, ಬಾಗಲಾ ತಗೀಬ್ಯಾಡ" ಎಂದಳು ಅತ್ತಿ. "ಬೆಳಕ ಬಿದ್ದೀತು. ಒಳಗ ಇರು. ನಾ ಹೋಗಿಬರ್ತೇನಿ."

ಒಳಗೆ ಕೆಡುವಂಥ ಫಿಲ್ಮು ಒಂದೂ ಇರಲಿಲ್ಲ. ಅದು ಆಕೆಗೆ ಗೊತ್ತಿತ್ತು. ಟಾಂಗಾದ ಸಪ್ಪಳ ಸ್ಟೇಷನ್ನಿನ ಕಡೆ ಹೋಗಿ ಪೂರಾ ಮುಗಿಯುವ ತನಕ ನಾನು ಬಾಗಿಲು ತೆಗೆಯಲಿಲ್ಲ.