ಬೆಕ್ಕಿನ ಮರಿಗೆ ಬೆಳ್ಳಿ ಒಳಲೆ

ಇವತ್ತು ನಮ್ಮನೆಯಲ್ಲಿ ನಡೆದದ್ದನ್ನು ಸ್ವಲ್ಪ ಕೇಳಿ. ಮಲ್ಲೇಶ್ವರದ ನಮ್ಮ ಮನೆ ಹಿಂದಿನ ಗಲ್ಲಿಯಿಂದ ನಾನು ಎತ್ತಿ ತಂದ ಬೆಕ್ಕಿನ ಮರಿಗೆ ಮೈತುಂಬ ಚಿಗಟ, ಹೊಟ್ಟೆತುಂಬ ಜಂತುಹುಳು. ಇವತ್ತೇ ಔಷಧಿ ಒಳಗೆ ಹೋಗದಿದ್ದರೆ ಮರಿ ಉಳಿಯುವುದು ಕಷ್ಟ ಎಂದು ದನದ ಡಾಕ್ಟರು ಹೇಳಿಬಿಟ್ಟರು. ನನ್ನ ಮಗ ಹೆಲ್ಮೆಟ್ಟು, ಸ್ವೆಟರು ಹಾಕಿಕೊಂಡು, ಯುದ್ಧಕ್ಕೆ ಹೊರಟವನಂತೆ ಔಷಧಿ ಕುಡಿಸುವ ಸಿರಿಂಜು ಹಿಡಿದು ಬಂದ. ಅಂಗೈಯಷ್ಟೂ ಇಲ್ಲದ ಮರಿ ಅವನ ಕೈ ಪರಚಿ ಬೀರುವಿನ ಕೆಳಗೆ ಸೇರಿತು.

ನಾನು ಅದನ್ನು ಹೊರಗೆಳೆದು, ಹಳೇ ಸೀರೆಯಲ್ಲಿ ಸುತ್ತಿ, ಬಾಣಂತಿ ಮನೆಯ ಕೂಸಿನಂತೆ ಚಾಚಿದ ಕಾಲ ಮೇಲೆ ಮಲಗಿಸಿಕೊಂಡೆ. ಮಕ್ಕಳಿಗೆ ಔಷಧಿ ಹಾಕುವ ಬೆಳ್ಳಿ ಒಳಲೆಯಿಂದ ನಿಧಾನವಾಗಿ ಕುಡಿಸಿದೆ.

ಸೊಸೆ ಹೌಹಾರಿದಳು. “ಅತ್ತೆ, ಅದು ಮನೆ ಮಕ್ಕಳ ಒಳಲೆ. ಬೆಕ್ಕಿಗೆ ಹಾಕ್ತಿದೀರಲ್ಲಾ?”

“ನಿನ್ನ ಗಂಡ ಇದ್ರಲ್ಲೇ ಹರಳೆಣ್ಣೆ ಕುಡ್ದು ನನ್ನ ಮುಖಕ್ಕೇ ಉಗೀತಿದ್ದ ಕಣೆ. ಮರಿ ಮರ್ಯಾದೆಯಾಗಿ ನುಂಗ್ತು. ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಆಯ್ತು ಬಿಡು.”

ಸಂಜೆ ಹುಳುಗಳು ಉಂಡೆಯಾಗಿ ಹೊರಬಿದ್ದವು. ಅದನ್ನು ನೋಡಿದ ಮಗ ತಟ್ಟೆ ಬಿಟ್ಟು ಎದ್ದ. ಅವನ ಪಾಲಿನ ಮೊಸರನ್ನವನ್ನೂ ಮರಿಯೇ ನೆಕ್ಕಿ ಮುಗಿಸಿತು.

ಔಷಧಿ ಕುಡಿದದ್ದು ಬೆಕ್ಕು, ಪಥ್ಯ ಮಾಡುತ್ತಿರುವುದು ನನ್ನ ಮಗ.