ಸಿಡಿಯಲ್ಲಿ ಹಿಡಿಯದ ಹಾಡು

ಆ ಹೆಂಗಸು ಬಂದಾಗ ನಾನು ಯಾರದೋ ಪಹಣಿ ಪ್ರಿಂಟ್ ತೆಗೆಯುತ್ತಿದ್ದೆ. ಶಿಕಾರಿಪುರದ ತಾಲ್ಲೂಕು ಕಚೇರಿಗೆ ಹತ್ತಿರದ ಅಂಗಡಿ ಸಾಲಿನಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಸೆಂಟರ್ ಇದೆ. ಅರ್ಜಿ, ಝೆರಾಕ್ಸ್ ಎಂದು ದಿನವಿಡೀ ಜನ. ಅವಳೂ ಅಂಥದಕ್ಕೇ ಬಂದಿರಬೇಕೆಂದು ಕೈ ಚಾಚಿದೆ. ಅವಳು ಪ್ಲಾಸ್ಟಿಕ್ ಕವರಿನಿಂದ ಎರಡು ಸಿಡಿ ತೆಗೆದು ನನ್ನ ಕೈಗಿಟ್ಟಳು. ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಭಾಗ ಒಂದು’, ‘ಭಾಗ ಎರಡು’ ಎಂದು ಬರೆದಿತ್ತು. ಅಕ್ಷರ ನನ್ನದೇ.

“ಅಕ್ಕಾ, ಆಗ ಭಾಯಿ ಫೋಟೊ ಸ್ಟುಡಿಯೊದಲ್ಲಿ ಇದ್ದೋರು ನೀವೇ ಅಲ್ದಾ? ಭಾಯಿ ನಿಮ್ಮನ್ನ ಕೇಳು ಅಂದ್ರು,” ಎಂದಳು. “ಇದು ನನ್ನ ಮದುವೇದು. ಅರಿಶಿನದ ದಿನ ನಮ್ಮಮ್ಮ ಹಾಡಿದ್ದು ಇದ್ರಲ್ಲಿ ಎಲ್ಲೂ ಇಲ್ಲ. ಬೇರೆ ಎಲ್ಲಾದ್ರೂ ಇರ್ತದಾ?”

ಅವಳ ತವರು ಕುಬಟೂರಿನ ಹತ್ತಿರದ ಹಳ್ಳಿ, ಕೊಟ್ಟಿದ್ದು ಸೊರಬಕ್ಕೆ. ಅವಳ ತಾಯಿ ಆ ಸುತ್ತಿನ ಮದುವೆಗಳಲ್ಲೆಲ್ಲ ಸೋಬಾನೆ ಹೇಳುತ್ತಿದ್ದವರಂತೆ. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈಯೂ ಮಾತೂ ಹೋಗಿದ್ದವು. ಈಗ ಮಗಳ ಮನೆಯಲ್ಲೇ ಇದ್ದರು. ಶಿವಮೊಗ್ಗದಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಬ್ಬರು, ಮಾತು ನಿಂತವರಿಗೂ ಕೆಲವೊಮ್ಮೆ ಹಾಡು ಬರುತ್ತದೆ, ಅವರಿಗೆ ಚೆನ್ನಾಗಿ ಗೊತ್ತಿದ್ದ ಹಾಡನ್ನೇ ಕೇಳಿಸಿ ನೋಡಿ ಎಂದಿದ್ದರು.

“ಬೇರೆಯೋರು ಹಾಡಿದ್ದು ಮೊಬೈಲಲ್ಲಿ ಹಾಕಿದ್ವಿ. ಅಮ್ಮ ಮುಖ ಆಚೆ ತಿರುಗಿಸ್ತಾರೆ. ಅವರದ್ದೇ ಬೇಕು.”

ನಾನು ಸಿಡಿಗಳನ್ನು ತಿರುಗಿಸಿ ನೋಡಿದೆ. ಆ ಹಾಡು ಏನಾಯಿತೆಂದು ನನಗೆ ಗೊತ್ತಿತ್ತು.

ತಾಳಗುಂದದ ನಾನು ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಹೊಸದರಲ್ಲಿ ಕಂಪ್ಯೂಟರ್ ಕಲಿತು, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿದ್ದೆ. ಮಾಲೀಕರನ್ನು ಊರೆಲ್ಲ ಭಾಯಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅವರು ಮದುವೆಮನೆಗಳಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದರು, ನಾನು ಹಿಂದಿನ ಕೋಣೆಯಲ್ಲಿ ಕೂತು ಎಡಿಟ್ ಮಾಡುತ್ತಿದ್ದೆ. ಆಗಿನ ವಿಡಿಯೊ ಸಿಡಿಯಲ್ಲಿ ಹಿಡಿಯುತ್ತಿದ್ದದ್ದು ಒಂದು ಗಂಟೆ ಹತ್ತು ನಿಮಿಷ. ಎರಡು ದಿನದ ಮದುವೆ, ನಾಲ್ಕು ಗಂಟೆಯ ಟೇಪು, ಎರಡೇ ಸಿಡಿ. ಯಾವುದನ್ನು ಬಿಡಬೇಕೆಂಬುದು ನನ್ನ ತೀರ್ಮಾನ. ತಾಳಿ ಕಟ್ಟುವುದನ್ನು ಬಿಡುವಂತಿಲ್ಲ. ಅಕ್ಷತೆ ಹಾಕಿದ ಒಬ್ಬೊಬ್ಬರ ಮುಖವೂ ಕಾಣಬೇಕು. ಒಬ್ಬರು ತಪ್ಪಿದರೂ ಬೀಗರ ಕಡೆಯವರು ಸ್ಟುಡಿಯೊದ ಬಾಗಿಲಿಗೆ ಬರುತ್ತಿದ್ದರು. ಊಟದ ಪಂಕ್ತಿಯೂ ಬೇಕು. ಕತ್ತರಿ ಹಾಕಲು ಉಳಿಯುತ್ತಿದ್ದವರು ಹಾಡು ಹೇಳುವ ಹೆಂಗಸರು. ಅವರಿಗೆ ಅವಸರವೆಂಬುದೇ ಇರಲಿಲ್ಲ. ಒಂದು ಹಾಡು ಹತ್ತು ಹನ್ನೆರಡು ನಿಮಿಷ ಎಳೆಯುತ್ತಿತ್ತು. ಅರಿಶಿನ ಹಚ್ಚುವ ದೃಶ್ಯವನ್ನು ಅರ್ಧ ನಿಮಿಷ ಉಳಿಸಿಕೊಂಡು, ಅದರ ಧ್ವನಿ ಪೂರ್ತಿ ತೆಗೆದು, ಸಿನಿಮಾ ಸಂಗೀತ ಸೇರಿಸುತ್ತಿದ್ದೆ. ಅದೇ ಚೆಂದವೆಂದು ಆಗ ನಿಜವಾಗಿಯೂ ನಂಬಿದ್ದೆ.

“ಜಾಗ ಸಾಲಲಿಲ್ಲ. ಆ ಹಾಡನ್ನ ತೆಗೆದವಳು ನಾನೇ,” ಎಂದು ಅವಳಿಗೆ ಹೇಳಿದೆ. ಸಿಟ್ಟಾಗುತ್ತಾಳೆಂದು ಕಾದೆ.

“ನಿಮಗೆ ನೆನಪಿಲ್ಲ ಅಕ್ಕಾ,” ಎಂದಳು. “ನಾನೇ ಬಂದು ಹೇಳಿದ್ದೆ, ಮುದುಕೇರ ಹಾಡೆಲ್ಲ ಎಂತಕ್ಕೆ, ಒಳ್ಳೇ ಮ್ಯೂಸಿಕ್ ಹಾಕಿ ಅಂತ.”

ಅಂಗಡಿ ಮುಚ್ಚಿ ಇಬ್ಬರೂ ಭಾಯಿಯ ಮನೆಗೆ ಹೋದೆವು. ಎಪ್ಪತ್ತು ದಾಟಿದ ಅವರು ಸ್ಟುಡಿಯೊ ಬಿಟ್ಟು ಕೆಲವು ವರ್ಷಗಳಾಗಿವೆ, ಮಂಡಿನೋವಿನಿಂದ ಹೊರಗೆ ಬರುವುದೂ ಕಡಿಮೆ. ಮೂಲ ಟೇಪುಗಳು ಉಳಿದಿರಬಹುದೇ ಎಂದು ಕೇಳಿದೆ.

“ಟೇಪು ಎಲ್ಲೈತಿ ತಂಗಿ, ಬೂಸ್ಟು ಹಿಡಿದಿದ್ವು, ಗುಜರಿಗೆ ಹಾಕಿದೆ,” ಎಂದರು. ಆಮೇಲೆ ಕಪಾಟಿನ ಕಡೆ ಗದ್ದ ಎತ್ತಿ, “ಆ ನೀಲಿ ಡಿಸ್ಕು ಅದಾವಲ್ಲ, ನೀವೆಲ್ಲ ನಗ್ತಿದ್ದಿರಿ,” ಎಂದರು.

ನಾವು ನಕ್ಕಿದ್ದು ನಿಜ. ಸಿಡಿ ಹೋಗಿ ಡಿವಿಡಿ ಬಂದಾಗಲೇ ಒಂದು ಮದುವೆ ಒಂದೇ ಡಿಸ್ಕಿನಲ್ಲಿ ಕೂರತೊಡಗಿತ್ತು, ಗಿರಾಕಿಗಳು ಅಷ್ಟಕ್ಕೇ ಖುಷಿಯಾಗಿದ್ದರು. ಅದಾಗಿ ಕೆಲವು ವರ್ಷಕ್ಕೆ ಭಾಯಿ ಒಂದು ಬ್ಲೂ-ರೇ ರೈಟರ್ ತಂದರು. ನಮ್ಮೂರಿನಲ್ಲಿ ಅದನ್ನು ಹಾಕಿ ನೋಡುವ ಪ್ಲೇಯರ್ ಯಾರ ಮನೆಯಲ್ಲಿಯೂ ಇದ್ದಂತಿರಲಿಲ್ಲ. ಯಾಕೆ ಇದು ಎಂದು ಕೇಳಿದ್ದಕ್ಕೆ ಅವರು ಜೋಳದ ಹೊಲದ ಲೆಕ್ಕದಲ್ಲಿ ವಿವರಿಸಿದ್ದರು: “ಹೊಲ ಅಷ್ಟೇ ಅಗಲ. ಡಿವಿಡಿ ಬರೆಯೋ ಕೆಂಪು ಬೆಳಕು, ಬಿತ್ತೋ ದಪ್ಪ ಕೂರಿಗೆ ಇದ್ದಂಗೆ, ಸಾಲು ದೂರ ದೂರ ಬೀಳ್ತಾವೆ. ಇದರ ನೀಲಿ ಬೆಳಕು ಸಣ್ಣದು, ಸಾಲು ಒತ್ತೊತ್ತಿಗೆ ಹಾಕ್ಬೌದು. ಅದಕ್ಕೇ ಡಿವಿಡಿಗಿಂತ ಐದು ಪಟ್ಟು ಹಿಡಿತತಿ.” ಒಂದು ಗಂಟೆಯ ಟೇಪನ್ನು ಏನೂ ಕಳೆಯದೆ ಕಂಪ್ಯೂಟರಿಗೆ ಇಳಿಸಿದರೆ ಹದಿಮೂರು ಜಿಬಿ ಆಗುತ್ತಿತ್ತು. ಡಿವಿಡಿಯಾದರೆ ಒಂದು ಟೇಪಿಗೆ ಮೂರು ಬೇಕು. ಇಪ್ಪತ್ತೈದು ಜಿಬಿಯ ಈ ಡಿಸ್ಕು ಒಂದರಲ್ಲೇ ಹೆಚ್ಚುಕಡಿಮೆ ಎರಡು ಟೇಪು. ಎಡಿಟ್ ಮಾಡದ, ಯಾರೂ ಕೇಳದ ಹಳೆಯ ಟೇಪುಗಳನ್ನು ಅವರು ಬಿಡುವಿದ್ದಾಗಲೆಲ್ಲ ಹೀಗೆ ತುಂಬಿಸುತ್ತಿದ್ದರು. ಒಂದು ದಿನ ಆ ರೈಟರ್ ಕೆಟ್ಟಿತು. ಅಷ್ಟರಲ್ಲಿ ಪೆನ್‌ಡ್ರೈವ್ ಬಂದಿತ್ತು. ಆ ಕೆಲಸ ಅಲ್ಲಿಗೆ ನಿಂತಿತು.

ಆದರೂ ನನಗೆ ಆಸೆ ಕಡಿಮೆಯೇ ಇತ್ತು. ಒಂದೇ ಟೇಪಿನ ಮೇಲೆ, ಹಳೆಯದನ್ನು ಅಳಿಸಿ, ಮೂರು ನಾಲ್ಕು ಮದುವೆ ತೆಗೆಯುತ್ತಿದ್ದ ಕಾಲ ಅದು. ಚಿತ್ರ ಹಾರತೊಡಗಿದಾಗ ಆ ಟೇಪನ್ನು ಚೀಲಕ್ಕೆ ಹಾಕುತ್ತಿದ್ದೆವು, ಅದರಲ್ಲಿ ಉಳಿಯುತ್ತಿದ್ದದ್ದು ಕೊನೆಯ ಮದುವೆ ಮಾತ್ರ. ಭಾಯಿ ಬಿಸ್ಕತ್ತಿನ ಎರಡು ತಗಡಿನ ಡಬ್ಬಿ ತೆರೆದು, ಒಂದೊಂದೇ ಡಿಸ್ಕಿನ ಮೇಲಿನ ಊರಿನ ಹೆಸರನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಕುಬಟೂರು ಎಂದು ಬರೆದದ್ದು ಎರಡು ಇದ್ದವು. ಆ ಹೆಂಗಸು ನನ್ನ ಮೊಣಕೈ ಹಿಡಿದುಕೊಂಡಳು.

ಓದಲು ಯಂತ್ರವಿರಲಿಲ್ಲ. ಈಗಿನ ಲ್ಯಾಪ್‌ಟಾಪುಗಳಿಗೆ ಡಿಸ್ಕ್ ಹಾಕುವ ಬಾಯಿಯೇ ಇರುವುದಿಲ್ಲ. ಆನ್‌ಲೈನಿನಲ್ಲಿ ಹೊರಗಿನಿಂದ ಜೋಡಿಸುವ ಡ್ರೈವ್ ತರಿಸಿದೆ, ಬರಲು ಆರು ದಿನ ಹಿಡಿಯಿತು. ಆ ಆರೂ ದಿನ ಅವಳು ಮಧ್ಯಾಹ್ನ ತಪ್ಪದೆ ಫೋನ್ ಮಾಡಿ, “ಬಂತಾ ಅಕ್ಕಾ?” ಎನ್ನುತ್ತಿದ್ದಳು.

ಮೊದಲ ಡಿಸ್ಕು ಗರಗರ ಎಂದು ತಿರುಗಿ ನಿಂತುಬಿಟ್ಟಿತು. ಬೆಳಕಿಗೆ ಹಿಡಿದು ನೋಡಿದರೆ ಅಂಚಿನಲ್ಲಿ ಮಂಜು ಕವಿದ ಹಾಗೆ. ಭಾಯಿ ಎರಡು ಜಾತಿಯ ಡಿಸ್ಕು ಬಳಸಿದ್ದರೆಂದು ಆಮೇಲೆ ತಿಳಿಯಿತು. ಕೆಲವು ಡಿವಿಡಿಯ ಹಾಗೆ ಬಣ್ಣದ ಪದರದವು, ಬಿಸಿಲು ಸೆಕೆಗೆ ಹಾಳಾಗುವಂಥವು. ಉಳಿದವುಗಳಲ್ಲಿ ಬರಹ ಕೂರುವುದು ಲೋಹದಂಥ ಗಟ್ಟಿ ಪದರದ ಮೇಲೆ. ಎರಡನೆಯದು ಗಟ್ಟಿ ಜಾತಿಯದು. ತಿರುಗಿತು, ತಡವರಿಸಿತು, ತೆರೆಯಿತು. ಚಪ್ಪರ, ಹಸೆಮಣೆ, ಹಳದಿ ಸೀರೆಯಲ್ಲಿ ಅವಳು, ಪಕ್ಕದಲ್ಲಿ ಬಾಗಿ ಕೂತು ಹಾಡುತ್ತಿದ್ದ ಅವಳ ತಾಯಿ.

ನಾನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಎಡಿಟ್ ಮಾಡುವಾಗ ಧ್ವನಿ ಆರಿಸಿಯೇ ನೋಡುತ್ತಿದ್ದ ನಾನು ಆ ಹಾಡನ್ನು ಕೇಳಿದ್ದು ಅದೇ ಮೊದಲು. ಪಾತ್ರೆಗಳ ಸದ್ದು, ಮಕ್ಕಳ ಕೂಗು, ನಡುವೆ ಕ್ಯಾಮೆರಾ ಹಿಂದಿನಿಂದ ಭಾಯಿಯ ದನಿ: “ಅಮ್ಮಾ, ಸ್ವಲ್ಪ ಈ ಕಡಿ ನೋಡ್ರೀ!” ಇವೆಲ್ಲದರ ಮೇಲೆ ಸ್ವಲ್ಪ ಒಡಕಿನ, ಯಾರಿಗೂ ಜಾಗ ಬಿಟ್ಟುಕೊಡದ ಆ ಕಂಠ. ಒಂಬತ್ತು ನಿಮಿಷವಾದ ಮೇಲೆ ಡ್ರೈವ್ ಡಿಸ್ಕನ್ನು ಓದುವುದನ್ನು ನಿಲ್ಲಿಸಿತು. ಸಿಕ್ಕಿದಷ್ಟು ಸಾಕೆಂದು ಕಾಪಿ ಮಾಡಿಕೊಂಡೆ.

ಭಾನುವಾರ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬಕ್ಕೆ ಹೋದೆ. ಆ ತಾಯಿ ನಡುಮನೆಯ ಕುರ್ಚಿಯಲ್ಲಿ, ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಮಗಳ ಕಡೆ ತಿರುಗಿದರು. ಯಾರೆಂದು ಕೇಳುತ್ತಿದ್ದಾರೆಂಬುದು ಕಣ್ಣಿನಲ್ಲೇ ತಿಳಿಯುತ್ತಿತ್ತು. “ನನ್ನ ಮದುವೆ ವಿಡಿಯೊ ಮಾಡಿದ ಅಕ್ಕ,” ಎಂದಳು ಮಗಳು.

ಟಿ.ವಿ.ಗೆ ಹಾಕಿದೆ. ಮೊದಲ ಸಲ ಅವರು ಕಣ್ಣು ಮುಚ್ಚಿಕೊಂಡರು, ಅಳುತ್ತಿದ್ದಾರೇನೋ ಎಂದು ನನಗೆ ಹೆದರಿಕೆಯಾಯಿತು. ಎರಡನೆಯ ಸಲ ಎಡಗೈ ಬೆರಳು ಕುರ್ಚಿಯ ತೋಳಿನ ಮೇಲೆ ತಾಳ ಹಾಕತೊಡಗಿತು. ಮೂರನೆಯ ಸಲ, ಪ್ರತಿ ನುಡಿಯ ಕೊನೆಗೆ ಹೆಂಗಸರೆಲ್ಲ ಸೇರಿ ‘ಸೋಬಾನೆ’ ಎನ್ನುವ ಕಡೆ, ಅವರ ಗಂಟಲಿನಿಂದಲೂ ಏನೋ ಹೊರಟಿತು. ಅಕ್ಷರ ಮಸುಕು, ರಾಗ ಸರಿ. ಮಗಳು ನೆಲದ ಮೇಲೆ ಕೂತು ತಾಯಿಯ ಮಂಡಿ ಹಿಡಿದುಕೊಂಡಳು.

ನಾಲ್ಕನೆಯ ನುಡಿ ಬಂದಾಗ ಅವರು ತಟ್ಟನೆ ಎಡಗೈಯೆತ್ತಿ ಟಿ.ವಿ. ಕಡೆ ಬೆರಳು ತೋರಿಸಿದರು. ಹುಬ್ಬು ಗಂಟಾಗಿತ್ತು. ಬಾಯಿ ಎರಡು ಮೂರು ಸಲ ತೆರೆದು ಮುಚ್ಚಿತು.

“ತಪ್ಪು,” ಎಂದರು.

ನಾಲ್ಕು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಸ್ಪಷ್ಟ ಮಾತು.

“ಎಂತ ತಪ್ಪಮ್ಮಾ? ಎಂತ ತಪ್ಪು?” ಮಗಳು ಅಳುತ್ತಲೇ ನಗುತ್ತಿದ್ದಳು.

ಕಾಪಿ ಅಲ್ಲಿ ಹಾರಿರಬೇಕೆಂದು ನಾನು ಹಿಂದೆ ಮಾಡಿ ಮತ್ತೆ ಹಾಕಿದೆ. ಚಿತ್ರ ಎಲ್ಲೂ ಕಡಿದಿರಲಿಲ್ಲ. ಭಾಯಿ ‘ಈ ಕಡಿ ನೋಡ್ರೀ’ ಎಂದು ಕೂಗಿದ್ದು ಸರಿಯಾಗಿ ಅದೇ ಜಾಗದಲ್ಲಿ. ಆ ತಾಯಿ ಕ್ಯಾಮೆರಾ ನೋಡಿ, ತಬ್ಬಿಬ್ಬಾಗಿ, ಒಂದು ನುಡಿ ಬಿಟ್ಟು ಮುಂದಿನದಕ್ಕೆ ಹೋಗಿದ್ದರು. ಈಗ ಆ ಬಿಟ್ಟುಹೋದ ನುಡಿಯನ್ನು ಎಳೆದೆಳೆದು, ಅರ್ಧ ಪದಗಳಲ್ಲಿ, ನಮ್ಮೆದುರು ಹಾಡಿ ಮುಗಿಸಿದರು. ಮುಗಿಸಿ ನನ್ನ ಕಡೆ ನೋಡಿದ ರೀತಿ, ತಪ್ಪು ತಿದ್ದಿದ ಮೇಷ್ಟರು ನೋಡುವ ಹಾಗಿತ್ತು. ನಾನು ಹಾಡನ್ನೇ ತೆಗೆದು ಹಾಕಿದವಳೆಂದು ಹೇಳಲು ಹೊರಟಿದ್ದವಳು ಬಾಯಿ ಮುಚ್ಚಿಕೊಂಡೆ. ಇವತ್ತಿಗೂ ಅವರಿಗೆ ಹೇಳಿಲ್ಲ.

ಭಾಯಿಗೆ ಇದನ್ನೆಲ್ಲ ಹೇಳಿದಾಗ ಅವರು ಗಡ್ಡ ಸವರಿಕೊಂಡರು. “ತಪ್ಪಿಸಿದವ ನಾನು, ಕತ್ತರಿಸಿದಾಕಿ ನೀನು. ಚಲೋ ಜೋಡಿ ನಾವು,” ಎಂದರು. ಆಮೇಲೆ ಎರಡೂ ಡಬ್ಬಿಗಳನ್ನು ನನ್ನ ಕಡೆ ತಳ್ಳಿದರು.

ಈಗ ಅಂಗಡಿ ಕೆಲಸದ ನಡುವೆ ಅವುಗಳಲ್ಲಿನ ಡಿಸ್ಕುಗಳನ್ನು ಒಂದೊಂದಾಗಿ ಓದಿಸುತ್ತಿದ್ದೇನೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಡಿಸ್ಕುಗಳು ಬದುಕಿವೆ. ಬಂದದ್ದನ್ನು ಹಾರ್ಡ್‌ಡಿಸ್ಕಿಗೂ, ನೂರು ಜಿಬಿ ಹಿಡಿಯುವ ಹೊಸ ಡಿಸ್ಕಿಗೂ ಹಾಕುತ್ತೇನೆ. ಒಂದನ್ನೇ ನಂಬುವ ಧೈರ್ಯ ನನಗಿಲ್ಲ. ಒಂದು ಡಿಸ್ಕಿನಲ್ಲಿ ಏಳು ಟೇಪು ಆರಾಮಾಗಿ ಕೂರುತ್ತವೆ. ಜಾಗಕ್ಕಾಗಿ ಏನನ್ನೂ ತೆಗೆಯಬೇಕಾಗಿಲ್ಲ. ಆದರೆ ಎಲ್ಲರಿಗೂ ಎಲ್ಲವೂ ಬೇಕಿಲ್ಲ ಎಂಬುದು ಈ ಕೆಲಸದಲ್ಲೇ ತಿಳಿದದ್ದು. ಅಂಬ್ಲಿಗೊಳದ ಕಡೆಯ ಒಬ್ಬರಿಗೆ ಫೋನ್ ಮಾಡಿ ನಿಮ್ಮ ಮದುವೆಯದು ಸಿಕ್ಕಿದೆ ಎಂದೆ. “ಆ ಸಂಬಂಧ ಮುರಿದು ಬಾಳ ವರ್ಷ ಆತ್ರೀ. ಅಳಿಸಿಬಿಡ್ರಿ,” ಎಂದರು. ಹಾರ್ಡ್‌ಡಿಸ್ಕಿನದನ್ನು ಅಳಿಸಬಹುದು, ಆದರೆ ಈ ಹಳೆಯ ಡಿಸ್ಕಿನಲ್ಲಿ ಒಮ್ಮೆ ಬರೆದದ್ದು ಅಳಿಸಲು ಬರುವುದಿಲ್ಲ, ಮುರಿಯಬೇಕು ಅಷ್ಟೇ ಎಂದೆ. ಹಾಗಾದರೆ ತಾವೇ ಬಂದು ಒಯ್ಯುವುದಾಗಿ ಹೇಳಿದರು. ಬಂದರು, ಒಯ್ದರು. ಏನು ಮಾಡಿದಿರಿ ಎಂದು ನಾನು ಕೇಳಲಿಲ್ಲ.

ಸೊರಬದ ಆ ತಾಯಿಗೆ ಮಾತು ಪೂರ್ತಿ ಮರಳಿಲ್ಲ. ನೀರು ಬೇಕೆಂದರೆ ಈಗಲೂ ಕೈಸನ್ನೆ. ಹಾಡು ಮಾತ್ರ ಐದಾರು ಬರುತ್ತವೆ. ಡಾಕ್ಟರಮ್ಮ ಹೇಳಿಕೊಟ್ಟಂತೆ ಮಗಳು ಆ ರಾಗಕ್ಕೇ ಅನ್ನ, ಚಾ, ನಿದ್ದೆ ಎಂಬ ಪದಗಳನ್ನು ಕೂರಿಸಿ ಹೇಳಿಸುತ್ತಾಳೆ. ಕಳೆದ ವಾರ ಫೋನಿನಲ್ಲಿ ನನಗೂ ಕೇಳಿಸಿದಳು. ಚಾ ಎಂಬ ಪದವನ್ನು ಅವರು ಉದ್ದಕ್ಕೆ ಎಳೆದು ಹಾಡಿ, ಕೊನೆಗೆ ತಾವೇ ನಕ್ಕುಬಿಟ್ಟರು.